ಚಳಿಗಾಲದಲ್ಲಿ ಕೆರೆ ಸುತ್ತಿ ಹಕ್ಕಿ ನೋಡೋದು ಹೇಗೆ: ಮಾಗಡಿ ಕೆರೆಯಿಂದ ಶುರು ಮಾಡೋಣ

ಇದು ಕೆಂಪೇಗೌಡರ ಮಾಗಡಿ ಅಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗಿನಿಂದ ಲಕ್ಷ್ಮೇಶ್ವರದ ಕಡೆ ಹೊರಟರೆ ಸುಮಾರು 26 ಕಿ.ಮೀ. ಮಳೆ ನೀರು ಹಿಡಿದು ಹೊಲಕ್ಕೆ ಕೊಡಲಿ ಅಂತ ಕಟ್ಟಿದ ಕೆರೆ, ಐವತ್ತು ಹೆಕ್ಟೇರ್ ಆಸುಪಾಸು ಇದೆ ಅಷ್ಟೇ. ಅಷ್ಟು ಚಿಕ್ಕ ಜಾಗದಲ್ಲಿ 166ಕ್ಕೂ ಜಾಸ್ತಿ ಜಾತಿಯ ಹಕ್ಕಿಗಳು ದಾಖಲಾಗಿವೆ, ಅದರಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿ ಬಂದು ಇಳಿಯುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ಜಾಗಗಳಲ್ಲಿ ಇದೂ ಒಂದು. 2024ರ ಜನವರಿ ಕೊನೆಗೆ ಅಂಕಸಮುದ್ರ, ಅಘನಾಶಿನಿ ಜೊತೆ ಇದೂ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ, ಸೇರಿತು. ಅದಕ್ಕೆ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ.

ಇಷ್ಟು ಒಳ್ಳೆ ಕೆರೆಗೆ ಬರುವವರು ಬಹಳ ಜನ ಏನು ಮಾಡುತ್ತಾರೆ ಅಂದರೆ, ಹತ್ತು ಗಂಟೆಗೆ ಕಾರು ನಿಲ್ಲಿಸಿ ಏರಿ ಮೇಲೆ ಹತ್ತುತ್ತಾರೆ, ದೂರದಲ್ಲಿ ಕಪ್ಪಗೆ ಕಾಣೋ ಗುಂಪಿನ ಕಡೆ ಬೆರಳು ಮಾಡಿ "ಅದೋ ಬಾತು" ಅನ್ನುತ್ತಾರೆ, ಮೊಬೈಲಲ್ಲಿ ನಾಲ್ಕು ಫೋಟೊ ತೆಗೆದು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಬೇಜಾರಾಗುತ್ತದೆ. ಅದೇ ಕೆರೆಯಲ್ಲಿ ಮೂರು ತಾಸು ನಿಧಾನಕ್ಕೆ ನಡೆದರೆ, ಕೈಯಲ್ಲಿ ದೊಡ್ಡ ಕ್ಯಾಮೆರಾ ಇಲ್ಲದಿದ್ದರೂ, ನಲವತ್ತು ಐವತ್ತು ಜಾತಿ ನೋಡೋದು ಕಷ್ಟವೇ ಅಲ್ಲ. ಅದಕ್ಕೆ ಬೇಕಾಗಿರೋದು ಒಂದೇ ಒಂದು ಅಭ್ಯಾಸ: ಹಕ್ಕಿ ಹುಡುಕೋ ಮುಂಚೆ ನೀರು ನೋಡಬೇಕು. ಎಲ್ಲಿ ಎಷ್ಟು ಆಳ, ಎಲ್ಲಿ ಕೆಸರು, ಎಲ್ಲಿ ಹುಲ್ಲು ಅನ್ನೋದು ಗೊತ್ತಾದರೆ ಅಲ್ಲಿ ಯಾವ ಹಕ್ಕಿ ಇರಬಹುದು ಅನ್ನೋದು ಅರ್ಧ ಗೊತ್ತಾದ ಹಾಗೇ. ಇದು ನಿಮ್ಮ ಊರಿನ ಯಾವ ಕೆರೆಗೂ ನಡೆಯುತ್ತದೆ.

ಮೊದಲು ಕೆರೆ ಓದಿ

ನಮ್ಮ ಕಡೆ ಕೆರೆ ಕಟ್ಟಿರುವ ಕ್ರಮ ಎಲ್ಲಾ ಕಡೆ ಹೆಚ್ಚು ಕಮ್ಮಿ ಒಂದೇ. ನೀರು ಹರಿದು ಬರುವ ಇಳಿಜಾರಿಗೆ ಅಡ್ಡ ಒಂದು ಏರಿ ಹಾಕುತ್ತಾರೆ. ಏರಿ ಬುಡದಲ್ಲಿ ತೂಬು, ಒಂದು ಕೊನೆಗೆ ಹೆಚ್ಚಾದ ನೀರು ಹೋಗಲು ಕೋಡಿ. ಹಾಗಾಗಿ ಏರಿ ಕಡೆ ಆಳ ಜಾಸ್ತಿ. ಹಳ್ಳ ಬಂದು ಸೇರುವ ಆ ಕಡೆ ನೀರು ತೆಳ್ಳಗೆ ಹರಡಿಕೊಂಡಿರುತ್ತದೆ, ಅಲ್ಲೇ ಕೆಸರು, ಅಲ್ಲೇ ಜೊಂಡು, ಅಲ್ಲೇ ಹುಳ. ಏರಿ ಮೇಲೆ ನಿಂತವರಿಗೆ ಎದುರಿಗೆ ಕಾಣೋದು ಮುಳುಗಿ ಊಟ ಹುಡುಕೋ ನೀರುಕಾಗೆ, ಗುಳುಮುಳುಕ, ನಾಮದ ಕೋಳಿ ಇಂಥವೇ. ಚಳಿಗಾಲದ ಅಸಲಿ ಸಂತೆ ಇರೋದು ಆಚೆ ಕಡೆ, ತೆಳುನೀರಲ್ಲಿ.

ಏರಿ ಮೇಲೆ ಹೋಗಬೇಡಿ ಅಂತಲ್ಲ. ಮೊದಲು ಅಲ್ಲಿಗೇ ಹೋಗಿ, ಐದು ನಿಮಿಷ ಬೈನಾಕ್ಯುಲರ್ ಎತ್ತದೆ ಸುಮ್ನೆ ನಿಲ್ಲಿ. ಎತ್ತರದಿಂದ ಕೆರೆಯ ನಕ್ಷೆ ಕಣ್ಣಿಗೆ ಬೀಳುತ್ತದೆ. ನೀರಿನ ಬಣ್ಣ ಎಲ್ಲಿ ಬದಲಾಗುತ್ತದೆ, ನಡುಗಡ್ಡೆ ಅಥವಾ ಒಣಗಿದ ಮರ ಎಲ್ಲಿದೆ, ದನ ಕುರಿ ಎಲ್ಲಿ ನೀರು ಕುಡಿಯಲು ಇಳಿಯುತ್ತವೆ, ಇಷ್ಟನ್ನು ನೋಡಿಕೊಳ್ಳಿ. ಆಮೇಲೆ ಯಾವ ದಡದಿಂದ ನಡೆಯೋದು ಅಂತ ತೀರ್ಮಾನ ಮಾಡಿ.

ಯಾವ ದಡ ಅನ್ನೋದಕ್ಕೆ ಸೂರ್ಯನೂ ಮುಖ್ಯ. ಬೆಳಕು ಎದುರಿಗಿದ್ದರೆ ಎಲ್ಲಾ ಹಕ್ಕಿಯೂ ಕಪ್ಪು, ಬಣ್ಣ ಗೊತ್ತಾಗದೆ ಗುರುತು ಹಿಡಿಯೋಕೆ ಆಗೋದಿಲ್ಲ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದು ಹುಟ್ಟಿ, ಇಡೀ ದಿನ ದಕ್ಷಿಣದ ಕಡೆಗೇ ವಾಲಿಕೊಂಡು ಹೋಗಿ, ನೈರುತ್ಯದಲ್ಲಿ ಮುಳುಗುತ್ತಾನೆ. ಅಂದರೆ ಡಿಸೆಂಬರ್, ಜನವರಿಯಲ್ಲಿ ಕೆರೆಯ ದಕ್ಷಿಣ ದಂಡೆ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು ನಿಮ್ಮ ಬೆನ್ನಿಗೇ ಇರುತ್ತದೆ. ಬೆಳಿಗ್ಗೆ ಆಗ್ನೇಯ ಮೂಲೆಯಿಂದ ಶುರು ಮಾಡಿ ದಕ್ಷಿಣ ದಡ ಹಿಡಿದು ಪಶ್ಚಿಮಕ್ಕೆ ಹೋಗೋದು ಒಳ್ಳೆಯದು. ಪೂರ್ತಿ ಸುತ್ತು ಹಾಕಲೇಬೇಕು ಅಂತೇನೂ ಇಲ್ಲ.

ಯಾವಾಗ ಹೋಗಬೇಕು

ಹೆಬ್ಬಾತುಗಳು ನವೆಂಬರಿನಲ್ಲಿ ಬರಲು ಶುರು ಮಾಡುತ್ತವೆ, ಮಾರ್ಚಿನಲ್ಲಿ ಹೊರಡುತ್ತವೆ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆವರೆಗೆ ಯಾವಾಗ ಹೋದರೂ ನಷ್ಟ ಇಲ್ಲ. ಬಾತುಗಳನ್ನು ಗುರುತು ಹಿಡಿಯಲು ಕಲಿಯಬೇಕು ಅನ್ನುವವರು ಮಾತ್ರ ಜನವರಿವರೆಗೆ ಕಾಯಿರಿ. ಬಾತಿನ ಗಂಡುಗಳು ಮರಿ ಮಾಡಿ ಮುಗಿದ ಮೇಲೆ ಬಣ್ಣದ ಗರಿ ಉದುರಿಸಿ ಹೆಣ್ಣಿನ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತವೆ. ಚಳಿಗಾಲ ಮುಂದುವರಿದ ಹಾಗೆ ಬಣ್ಣ ವಾಪಸ್ ಬರುತ್ತದೆ. ನವೆಂಬರಿನಲ್ಲಿ ಹೋದರೆ ಎಲ್ಲವೂ ಕಂದು ಬಾತೇ, ಹೊಸಬರಿಗೆ ತಲೆ ಕೆಡುತ್ತದೆ. ಜನವರಿಯಲ್ಲಿ ಸೂಜಿಬಾಲದ ಬಾತಿನ ಗಂಡಿಗೆ ಚಾಕೊಲೇಟ್ ಬಣ್ಣದ ತಲೆ, ಬಿಳಿ ಎದೆ, ಚೂಪು ಬಾಲ ಎಲ್ಲಾ ಬಂದಿರುತ್ತದೆ, ಯಾರೂ ಹೇಳಿಕೊಡದೇ ಗೊತ್ತಾಗುತ್ತದೆ.

ದಿನದ ಹೊತ್ತು ಇನ್ನೂ ಮುಖ್ಯ. ಹೆಬ್ಬಾತು ಹುಲ್ಲು, ಚಿಗುರು, ಕಾಳು ತಿನ್ನುವ ಹಕ್ಕಿ. ಮೇಯೋದು ಹೊಲದಲ್ಲಿ, ಅದೂ ಹೆಚ್ಚಾಗಿ ರಾತ್ರಿ ಮತ್ತು ತಂಪು ಹೊತ್ತಿನಲ್ಲಿ. ಬಿಸಿಲು ಏರಿದ ಹಾಗೆ ಕೆರೆಗೆ ವಾಪಸ್ ಬಂದು ಹಗಲೆಲ್ಲಾ ನಿದ್ದೆ, ಸ್ನಾನ, ಗರಿ ತಿದ್ದಿಕೊಳ್ಳೋದು. ಅದಕ್ಕೇ ಹತ್ತು ಗಂಟೆಗೆ ಬಂದವರಿಗೆ ಮಲಗಿದ ಬಾತು ಮಾತ್ರ ಕಾಣೋದು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಏಳರ ಹತ್ತಿರ. ಆರೂವರೆಗೆ ಕೆರೆ ಹತ್ತಿರ ಇರಿ. ಮೊದಲು ಕಿವಿಗೆ ಬೀಳುತ್ತದೆ, ಮೂಗಿನಲ್ಲಿ ಮಾತಾಡಿದ ಹಾಗೆ ಆಂಗ್ ಆಂಗ್ ಅನ್ನುವ ಕೂಗು, ಆಮೇಲೆ ಎರೆ ಹೊಲಗಳ ಮೇಲಿಂದ ಒಂದರ ಹಿಂದೆ ಒಂದು ಸಾಲು ಬಂದು, ಕೆರೆ ಮೇಲೆ ಒಂದು ಸುತ್ತು ಹಾಕಿ, ರೆಕ್ಕೆ ಓರೆ ಮಾಡಿ ಎತ್ತರದಿಂದ ಜಾರಿಕೊಂಡು ಇಳಿಯುತ್ತವೆ. ಇದನ್ನು ನೋಡಿದ ಮೇಲೆ ಮತ್ತೆ ಯಾರೂ ಹತ್ತು ಗಂಟೆಗೆ ಹೋಗೋದಿಲ್ಲ.

ಬೆಳಿಗ್ಗೆ ಆಗೋದೇ ಇಲ್ಲ ಅನ್ನುವವರು ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಇರಿ. ಮಧ್ಯಾಹ್ನ ಬೇಡ. ನೀರಿನ ಮೇಲೆ ಬಿಸಿಲ ಝಳ ಎದ್ದು ಬೈನಾಕ್ಯುಲರಿನಲ್ಲಿ ಎಲ್ಲಾ ಅಲ್ಲಾಡಿದ ಹಾಗೆ ಕಾಣುತ್ತದೆ.

ಜೊತೆಗೆ ಏನು ಬೇಕು

ಬೈನಾಕ್ಯುಲರ್ ಒಂದು ಸಾಕು. 8x42 ಅಂತ ಬರೆದಿರೋದನ್ನು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ, ಆದ್ದರಿಂದ ಮಬ್ಬು ಬೆಳಕಲ್ಲೂ ಚೆನ್ನಾಗಿ ಕಾಣುತ್ತದೆ. ಕೆರೆಗೆ ಅಂತಲೇ ಆದರೆ 10x42 ಕೂಡ ಆಗುತ್ತದೆ. ಇಪ್ಪತ್ತು, ಮೂವತ್ತು ಪಟ್ಟು ಅಂತ ಬರೆದ ಅಗ್ಗದ ಮಾಲನ್ನು ತೆಗೆದುಕೊಳ್ಳಬೇಡಿ. ಅಷ್ಟು ಪಟ್ಟಿಗೆ ಕೈ ನಡುಗೋದೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ಹೊಸ ಬೈನಾಕ್ಯುಲರ್ ತಂದವರಲ್ಲಿ ಬಹಳ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರೋದಿಲ್ಲ, ಆಮೇಲೆ ತಲೆನೋವು ಬಂತು ಅನ್ನುತ್ತಾರೆ. ಮನೆಯಲ್ಲೇ ಹೀಗೆ ಮಾಡಿ. ದೂರದ ಒಂದು ಬೋರ್ಡಿನ ಅಕ್ಷರ ನೋಡಿ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಅಕ್ಷರ ಸ್ಪಷ್ಟ ಆಗುವವರೆಗೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರ ಇರುವ ಸಣ್ಣ ಉಂಗುರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆ ಉಂಗುರ ಎಲ್ಲಿ ನಿಂತಿತು ಅಂತ ನೆನಪಿಡಿ, ಅದು ನಿಮ್ಮ ಕಣ್ಣಿನ ಅಳತೆ. ಇನ್ನು ಮೇಲೆ ನಡುವಿನ ಚಕ್ರ ಮಾತ್ರ ತಿರುಗಿಸಿದರೆ ಸಾಕು. ಕನ್ನಡಕ ಇದ್ದವರು ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲನ್ನು ಕೆಳಗೆ ಇಳಿಸಿಕೊಳ್ಳಿ, ಇಲ್ಲದವರು ಮೇಲೆತ್ತಿ. ಹಕ್ಕಿಯನ್ನು ಬೈನಾಕ್ಯುಲರಿನಿಂದ ಹುಡುಕಬೇಡಿ. ಬರಿಗಣ್ಣಿಗೆ ಕಂಡ ಹಕ್ಕಿಯಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತಂದುಕೊಳ್ಳಿ. ಎರಡು ದಿನ ರೂಢಿ ಆದರೆ ಆಯಿತು.

ಕಾಲಿಗೆ ಗಟ್ಟಿ ಅಡಿಯ ಶೂ ಬೇಕೇ ಬೇಕು. ಈ ಕಡೆ ಕೆರೆ ದಂಡೆಗಳಲ್ಲಿ ಬಳ್ಳಾರಿ ಜಾಲಿ ಬಹಳ, ಅದರ ಮುಳ್ಳು ಚಪ್ಪಲಿ ದಾಟಿ ಕಾಲಿಗೆ ಇಳಿಯುತ್ತದೆ. ಏರಿ ಕಲ್ಲುಗಳ ಸಂದಿ, ಹೊಲದ ಬದು, ಒಣಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ನಸುಕಿನಲ್ಲಿ ನಡೆಯುವಾಗ ಟಾರ್ಚನ್ನು ಕಾಲ ಬುಡಕ್ಕೆ ಹಿಡಿದುಕೊಳ್ಳಿ. ಕೆರೆ ಅಂಗಳಕ್ಕೆ ಇಳಿಯಲೇಬೇಡಿ. ಎರೆಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿದ ಹಾಗೆ ಕಂಡರೂ ಕೆಳಗೆ ಮೆತ್ತಗಿರುತ್ತದೆ, ಕಾಲು ಹೂತರೆ ಶೂ ಬಿಟ್ಟು ಬರಬೇಕಾಗುತ್ತದೆ. ಅಲ್ಲದೆ ಅದು ಹಕ್ಕಿಗಳ ಊಟದ ಜಾಗ. ಬಟ್ಟೆ ಮಣ್ಣು ಬಣ್ಣ, ಮಾಸಲು ಹಸಿರು ಏನಾದರೂ ಸರಿ, ಬಿಳಿ ಮತ್ತು ಕಡುಗೆಂಪು ಬೇಡ. ಟೋಪಿ, ನೀರು, ಒಂದು ನೋಟ್‌ಬುಕ್ ಇದ್ದರೆ ಆಯಿತು.

ದಡದಿಂದ ಒಳಕ್ಕೆ, ಒಂದೊಂದೇ ಪಟ್ಟಿ

ಈಗ ನಡಿಗೆ. ಐವತ್ತು ಹೆಜ್ಜೆ ನಡೆಯಿರಿ, ನಿಲ್ಲಿ. ನಿಂತಾಗ ಎದುರಿಗಿರುವ ಜಾಗವನ್ನು ದಡದಿಂದ ಒಳಕ್ಕೆ ಪಟ್ಟಿ ಪಟ್ಟಿಯಾಗಿ ನೋಡಿ. ಎಲ್ಲರೂ ಮೊದಲು ದೂರದ ದೊಡ್ಡ ಹಕ್ಕಿ ನೋಡುತ್ತಾರೆ, ಅಷ್ಟರಲ್ಲಿ ಕಾಲ ಹತ್ತಿರ ಇದ್ದ ಚಿಕ್ಕ ಹಕ್ಕಿ ಹಾರಿ ಹೋಗಿರುತ್ತದೆ.

ಮೊದಲನೇ ಪಟ್ಟಿ ಒಣ ದಂಡೆ ಮತ್ತು ಹೊಲದ ಅಂಚು. ಇಲ್ಲಿ ಬಾಲ ಮೇಲೆ ಕೆಳಗೆ ಆಡಿಸುತ್ತಾ ಓಡಾಡೋದು ಕುಂಡೆಕುಸ್ಕ, ಹಳದಿ ಬಣ್ಣದ್ದು, ಬಿಳಿ ಬಣ್ಣದ್ದು ಎಲ್ಲಾ ಚಳಿಗಾಲಕ್ಕೆ ಬರುವಂಥವು. ಟಿಟ್ಟಿಭ ಇದ್ದೇ ಇರುತ್ತದೆ, ನೀವು ಬಂದ ಸುದ್ದಿಯನ್ನು ಇಡೀ ಕೆರೆಗೆ ಕೂಗಿ ಹೇಳುತ್ತದೆ. ಅದು ಕೂಗಲು ಶುರು ಮಾಡಿದರೆ ಮುಂದೆ ಹೋಗಬೇಡಿ, ಕೂತುಕೊಳ್ಳಿ, ಎರಡು ಮೂರು ನಿಮಿಷದಲ್ಲಿ ಸುಮ್ಮನಾಗುತ್ತದೆ. ಪಕ್ಕದ ಹೊಲದಲ್ಲಿ ಜೋಳ ಇದ್ದರೆ ಗುಲಾಬಿ ಕಬ್ಬಕ್ಕಿಗಳ ದಂಡು ಇದೆಯಾ ನೋಡಿ, ತೆನೆ ಮೇಲೆ ಇಳಿದು ಒಮ್ಮೆಗೇ ಎದ್ದು ಹೋಗುತ್ತಿರುತ್ತವೆ. ಕಡಲೆ ಹೊಲದ ಮೇಲೆ ತೀರಾ ಕೆಳಗೆ, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದು ತೇಲುವ ತೆಳ್ಳಗಿನ ಗಿಡುಗ ಕಂಡರೆ ಅದು ಸೆಳೆವ, ಅದೂ ಬಹಳ ದೂರದಿಂದ ಬಂದ ಅತಿಥಿ.

ಎರಡನೇ ಪಟ್ಟಿ ಒದ್ದೆ ಕೆಸರು. ಹೊಸಬರು ಬೇಗ ಕೈಬಿಡೋದು ಇಲ್ಲೇ, ಯಾಕೆಂದರೆ ಎಲ್ಲವೂ ಚಿಕ್ಕವು, ಎಲ್ಲವೂ ಬೂದು ಕಂದು. ಬಣ್ಣ ಬಿಡಿ, ನಡಿಗೆ ನೋಡಿ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲೋದು, ಮತ್ತೆ ಓಡಿ ನಿಲ್ಲೋದು ಪ್ಲೋವರ್ ಜಾತಿ. ಅದರಲ್ಲಿ ಕಣ್ಣಿನ ಸುತ್ತ ಹಳದಿ ಉಂಗುರ ಇದ್ದರೆ ಲಿಟಲ್ ರಿಂಗ್ಡ್ ಪ್ಲೋವರ್. ನಿಲ್ಲದೆ, ತಲೆ ಎತ್ತದೆ, ಹೊಲಿಗೆ ಮಷಿನ್ನಿನ ಸೂಜಿಯ ಹಾಗೆ ಕೆಸರನ್ನು ಕುಟ್ಟುತ್ತಾ ಹೋಗುವ ಗುಬ್ಬಿ ಗಾತ್ರದ್ದು ಲಿಟಲ್ ಸ್ಟಿಂಟ್. ಅಷ್ಟು ಚಿಕ್ಕ ಹಕ್ಕಿ ಉತ್ತರ ಧ್ರುವದ ಹತ್ತಿರದ ಬಯಲಿನಲ್ಲಿ ಮರಿ ಮಾಡಿ ಇಲ್ಲಿಗೆ ಬರುತ್ತದೆ ಅಂತ ಗೊತ್ತಿದ್ದವರು ಅದನ್ನು ಇನ್ನೊಂದು ಹತ್ತು ನಿಮಿಷ ಜಾಸ್ತಿ ನೋಡುತ್ತಾರೆ.

ಗದ್ದೆಗೊರವ, ಅಂದರೆ ಸ್ಯಾಂಡ್‌ಪೈಪರ್‌ಗಳಲ್ಲಿ ಮೂರು ಒಂದೇ ಥರ ಕಾಣುತ್ತವೆ. ಸದಾ ಹಿಂಭಾಗ ಕುಣಿಸುತ್ತಾ, ಭುಜದ ಹತ್ತಿರ ರೆಕ್ಕೆ ಮುಂದೆ ಬಿಳಿ ಬಣ್ಣ ಮೇಲಕ್ಕೆ ಚಾಚಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಬೆನ್ನ ಮೇಲೆ ದಟ್ಟ ಚುಕ್ಕೆ, ಕಣ್ಣ ಮೇಲಿನ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ವುಡ್ ಸ್ಯಾಂಡ್‌ಪೈಪರ್. ಬೆನ್ನು ತುಂಬಾ ಕಪ್ಪಾಗಿದ್ದು, ಹುಬ್ಬು ಕಣ್ಣಿನ ಮುಂದೆಯೇ ಮುಗಿದು, ಹಾರಿದಾಗ ಬೆನ್ನ ಕೊನೆ ಬೆಳ್ಳಗೆ ಹೊಳೆದರೆ ಗ್ರೀನ್ ಸ್ಯಾಂಡ್‌ಪೈಪರ್, ಅದು ಹೆಚ್ಚಾಗಿ ಒಂಟಿ. ಈ ಮೂರನ್ನು ಬಿಡಿಸಿ ಹೇಳಲು ಬಂದರೆ ಕೆರೆಯ ಅರ್ಧ ಪಾಠ ಮುಗಿದ ಹಾಗೆ.

ಮೂರನೇ ಪಟ್ಟಿ ಮೊಣಕಾಲು ನೀರು, ನೋಡಲು ಎಲ್ಲಕ್ಕಿಂತ ಖುಷಿ ಕೊಡೋದು ಇದೇ. ಒಂದೇ ನೀರಿನಲ್ಲಿ ನಾಲ್ಕು ಹಕ್ಕಿ ನಾಲ್ಕು ಥರ ಊಟ ಮಾಡುತ್ತವೆ. ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಕಣ್ಣಲ್ಲಿ ನೋಡಿ ನೀರ ಮೇಲಿನ ಹುಳ ಹೆಕ್ಕುತ್ತದೆ. ಬಿಳಿ ಕೆಂಬರಲು ಬಾಗಿದ ಕೊಕ್ಕನ್ನು ಕೆಸರಿಗೆ ಚುಚ್ಚಿ ತಡಕುತ್ತದೆ. ಚಮಚಕೊಕ್ಕು ಹಕ್ಕಿ ಕೊಕ್ಕನ್ನು ಸ್ವಲ್ಪ ತೆರೆದು ನೀರಿಗೆ ಇಳಿಬಿಟ್ಟು ಎಡಕ್ಕೂ ಬಲಕ್ಕೂ ಬೀಸುತ್ತಾ ಮುಂದೆ ನಡೆಯುತ್ತದೆ, ಏನಾದರೂ ತಗುಲಿದರೆ ಟಕ್ಕಂತ ಮುಚ್ಚಿಕೊಳ್ಳುತ್ತದೆ. ಬಣ್ಣದ ಕೊಕ್ಕರೆಯೂ ಹೀಗೇ ಮುಟ್ಟಿ ಹಿಡಿಯುವ ಜಾತಿ, ಆದರೆ ಅದರ ಉಪಾಯ ಬೇರೆ. ಅರ್ಧ ತೆರೆದ ಕೊಕ್ಕು ನೀರಲ್ಲಿ ಇಟ್ಟು, ಒಂದು ಕಾಲಿನಿಂದ ಕೆಸರು ಕಲಕುತ್ತದೆ, ಆಗಾಗ ಒಂದು ರೆಕ್ಕೆಯನ್ನು ಫಕ್ಕನೆ ಬಿಚ್ಚುತ್ತದೆ. ಹೆದರಿದ ಮೀನು ಓಡಿ ಬಂದು ಕೊಕ್ಕಿಗೇ ಸಿಗುತ್ತದೆ. ನೀರು ರಾಡಿಯಾಗಿದ್ದರೂ ಅದಕ್ಕೆ ತೊಂದರೆ ಇಲ್ಲ, ಕಣ್ಣು ಬೇಕಾಗಿಯೇ ಇಲ್ಲ. ಒಂದು ಹಕ್ಕಿಯನ್ನು ಹಿಡಿದು ಐದು ನಿಮಿಷ ನೋಡಿ, ಫೋಟೊ ಆಮೇಲೆ ತೆಗೆಯಬಹುದು.

ನಾಲ್ಕನೇ ಪಟ್ಟಿ ಬಾತುಗಳದ್ದು. ಇಲ್ಲಿ ಎರಡು ಗುಂಪು ಮಾಡಿಕೊಳ್ಳಿ. ಬಾಲ ಮೇಲೆ ಮಾಡಿ ತಲೆ ಮಾತ್ರ ಮುಳುಗಿಸಿ ತಿನ್ನುವಂಥವು ಒಂದು ಗುಂಪು, ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು, ನಮ್ಮ ಊರಿನದೇ ಆದ ಚುಕ್ಕೆ ಕೊಕ್ಕಿನ ಬಾತು. ಇವಕ್ಕೆ ಕತ್ತು ಮುಟ್ಟುವಷ್ಟೇ ಆಳ ಬೇಕು. ಹಾರುವಾಗ ನೀರಿನಿಂದ ನೇರ ಮೇಲಕ್ಕೆ ಜಿಗಿಯುತ್ತವೆ. ಪೂರ್ತಿ ಮುಳುಗಿ ತಳದಿಂದ ತಿನ್ನುವಂಥವು ಇನ್ನೊಂದು ಗುಂಪು, ಕೆಂಪು ತಲೆಯ ಕಾಮನ್ ಪೋಚಾರ್ಡ್ ಥರದವು, ಆಳ ನೀರಿನಲ್ಲಿ ಇರುತ್ತವೆ, ಹಾರಲು ನೀರ ಮೇಲೆ ಓಡಬೇಕಾಗುತ್ತದೆ. ಪೋಚಾರ್ಡ್ ಕಂಡರೆ ಚೆನ್ನಾಗಿ ಬರೆದಿಟ್ಟುಕೊಳ್ಳಿ, ಇದು ಜಗತ್ತಿನಲ್ಲೇ ಕಮ್ಮಿ ಆಗುತ್ತಿರುವ ಬಾತು. ರೀವ, ಅಂದರೆ ಹೊಳೆ ಮೇಲೆ ಹಾರುವ ರಿವರ್ ಟರ್ನ್, ಅದರ ಕಥೆಯೂ ಅಷ್ಟೇ. ಎರಡಕ್ಕೂ ಮಾಗಡಿ ಕೆರೆ ಆಸರೆ ಕೊಟ್ಟಿದೆ.

ದೂರದ ಕಂದು ಬಾತು ಯಾವುದು ಅಂತ ಗೊತ್ತಾಗದಿದ್ದರೆ ಕೊಕ್ಕು ನೋಡಿ. ತಲೆಗಿಂತ ಉದ್ದ, ತುದಿ ಅಗಲ ಇದ್ದರೆ ಸಲಿಕೆ ಕೊಕ್ಕು. ಕೊಕ್ಕಿನ ತುದಿಯಲ್ಲಿ ಹಳದಿ ಇದ್ದರೆ ಚುಕ್ಕೆ ಕೊಕ್ಕು. ಕತ್ತು ಉದ್ದ ತೆಳ್ಳಗಿದ್ದರೆ ಸೂಜಿಬಾಲ, ಹೆಣ್ಣಾದರೂ ಸರಿ. ದೇಹವೆಲ್ಲಾ ಕಿತ್ತಳೆ ಕಂದು, ತಲೆ ತೆಳು ಬಣ್ಣ, ಹೆಚ್ಚಾಗಿ ಜೋಡಿ, ಅದು ಬ್ರಾಹ್ಮಿಣಿ ಬಾತು, ನಮ್ಮ ಹಳೇ ಕಾವ್ಯಗಳಲ್ಲಿ ಬರುವ ಚಕ್ರವಾಕ.

ಇನ್ನು ನಡುನಡುವೆ ಆಕಾಶ ನೋಡಿ. ಕೆರೆಯ ಎಲ್ಲಾ ಬಾತುಗಳು ಒಮ್ಮೆಗೇ ಎದ್ದರೆ ಬಾತುಗಳನ್ನು ನೋಡುತ್ತಾ ನಿಲ್ಲಬೇಡಿ, ಅವು ಎದ್ದ ಜಾಗದ ಮೇಲೆ ನೋಡಿ. ಜೌಗು ಸೆಳೆವ ಅಲ್ಲೆಲ್ಲೋ ಜೊಂಡಿನ ಮೇಲೆ ತೇಲುತ್ತಿರುತ್ತದೆ.

ಹೆಬ್ಬಾತಿನ ಹತ್ತಿರ ಎಷ್ಟು ಹೋಗಬಹುದು

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಜನ ಮಾಗಡಿಗೆ ಬರೋದೇ ಇವಕ್ಕೋಸ್ಕರ. ಪಟ್ಟೆತಲೆ ಹೆಬ್ಬಾತು ಮರಿ ಮಾಡೋದು ಮಂಗೋಲಿಯ, ಟಿಬೆಟ್ ಪ್ರಸ್ಥಭೂಮಿ, ನಮ್ಮ ಲಡಾಖಿನ ತ್ಸೊ ಮೊರಿರಿ ಥರದ ಎತ್ತರದ ಸರೋವರಗಳಲ್ಲಿ. ಇಲ್ಲಿಗೆ ಬರಲು ಹಿಮಾಲಯ ದಾಟಬೇಕು. ಉಪಕರಣ ಕಟ್ಟಿ ಬಿಟ್ಟ ಹಕ್ಕಿಗಳಲ್ಲಿ ಒಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಇವುಗಳ ರಕ್ತ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ, ಅದಕ್ಕೇ ಅಲ್ಲಿ ಹಾರಲು ಆಗೋದು. ಮಾರ್ಚಿನಲ್ಲಿ ಇದೇ ದಾರಿ ಮತ್ತೆ ಹಾರಬೇಕು, ಅದಕ್ಕೆ ಬೇಕಾದ ಕೊಬ್ಬನ್ನು ಈ ಮೂರು ನಾಲ್ಕು ತಿಂಗಳಲ್ಲಿ ಮೈಗೆ ಕೂಡಿಸಿಕೊಳ್ಳಬೇಕು. ಒಂದು ಸಾರಿ ಇಡೀ ಗುಂಪನ್ನು ಎಬ್ಬಿಸಿದರೆ ಆ ಕೊಬ್ಬು ಅಷ್ಟು ಖರ್ಚು. ಒಂದು ಫೋಟೊಗಾಗಿ ಓಡಿಸೋದು, ಕಲ್ಲು ಎಸೆದು ಹಾರಿಸೋದು, ಡ್ರೋನ್ ಬಿಡೋದು, ಇವೆಲ್ಲಾ ಅದರ ಊಟ ಕಿತ್ತುಕೊಂಡಂತೆಯೇ. ಯಾರಾದರೂ ಮಾಡುತ್ತಿದ್ದರೆ ನಯವಾಗಿ, ಆದರೆ ಖಂಡಿತವಾಗಿ, ಬೇಡ ಅಂತ ಹೇಳಿ.

ಎಷ್ಟು ದೂರ ಅಂತ ಮೀಟರಿನಲ್ಲಿ ಹೇಳಲು ಆಗೋದಿಲ್ಲ, ಹಕ್ಕಿಯೇ ಹೇಳುತ್ತದೆ. ತಲೆ ಬೆನ್ನಿಗೆ ಇಟ್ಟು ಮಲಗಿದ್ದರೆ, ಮೇಯುತ್ತಿದ್ದರೆ ನೆಮ್ಮದಿಯಾಗಿವೆ. ಒಂದೆರಡು ಕತ್ತು ನೇರ ಮೇಲೆತ್ತಿ ನಿಮ್ಮ ಕಡೆ ನೋಡಿದರೆ ಅಲ್ಲೇ ನಿಲ್ಲಿ. ಅರ್ಧಕ್ಕರ್ಧ ಕತ್ತು ಮೇಲೆದ್ದರೆ ನೀವು ಆಗಲೇ ಹತ್ತಿರ ಬಂದುಬಿಟ್ಟಿದ್ದೀರಿ, ಬೆನ್ನು ತಿರುಗಿಸದೆ ನಿಧಾನಕ್ಕೆ ಹಿಂದೆ ಸರಿಯಿರಿ. ದಡದಲ್ಲಿ ಇದ್ದವು ನೀರಿಗೆ ನಡೆದರೆ ಇನ್ನೂ ಹಿಂದೆ. ಗುಂಪಿನ ಕಡೆ ನೇರ ನಡೆಯಬೇಡಿ, ಓರೆಯಾಗಿ, ಬೇರೆಲ್ಲೋ ಹೋಗುತ್ತಿರುವ ಹಾಗೆ ನಡೆಯಿರಿ. ಕುರಿ ಕಾಯುವವರು, ಬಟ್ಟೆ ಒಗೆಯುವವರು ಹತ್ತಿರ ಓಡಾಡಿದರೂ ಈ ಬಾತುಗಳು ಕದಲೋದಿಲ್ಲ, ಅವರು ದಿನಾ ಕಾಣುವವರು, ಇವುಗಳ ಕಡೆ ನೋಡೋದೂ ಇಲ್ಲ. ನಿಂತು ದಿಟ್ಟಿಸುವ ಹೊಸಬರನ್ನು ಕಂಡರೇ ಭಯ. ಅದಕ್ಕೆ ಕೂತುಬಿಡೋದು ಒಳ್ಳೆಯದು. ಒಂದು ಗಿಡದ ನೆರಳಲ್ಲಿ ಇಪ್ಪತ್ತು ನಿಮಿಷ ಕೂತರೆ ಅವೇ ಹತ್ತಿರ ಬರುತ್ತವೆ.

ಹಾಗೆ ಕೂತಾಗ ಒಂದು ಕೆಲಸ ಮಾಡಿ. ದೊಡ್ಡ ಹೆಬ್ಬಾತಿನ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಇರುತ್ತದೆ ಅಲ್ವಾ, ಗುಂಪಿನಲ್ಲಿ ಆ ಪಟ್ಟಿ ಇಲ್ಲದೆ ನೆತ್ತಿ, ಕತ್ತಿನ ಹಿಂಭಾಗ ಬರೀ ಮಸುಕು ಬೂದು ಇರುವಂಥವು ಇವೆಯಾ ಹುಡುಕಿ. ಅವು ಈ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು, ಹಿಮಾಲಯ ದಾಟಿದ್ದು ಇದೇ ಮೊದಲು. ಅಪ್ಪ ಅಮ್ಮ ಜೊತೆಗೇ ಚಳಿಗಾಲ ಕಳೆಯುತ್ತವೆ. ನವೆಂಬರ್, ಡಿಸೆಂಬರಿನಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ. ಎರಡು ದೊಡ್ಡವು, ಪಕ್ಕದಲ್ಲಿ ಎರಡು ಮೂರು ಮಸುಕು ತಲೆ, ಹೀಗೆ ಮನೆ ಮನೆಯಾಗಿ ಗುಂಪನ್ನು ಬಿಡಿಸಿ ನೋಡಬಹುದು. ಕತ್ತಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದ ಹಕ್ಕಿ ಇದೆಯಾ ಅಂತಲೂ ನೋಡಿ. ಮಂಗೋಲಿಯದಲ್ಲಿ ಕೊರಳಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಪಟ್ಟಿಯ ಬಣ್ಣ, ಮೇಲಿನ ಅಕ್ಷರ, ಅಂಕಿ, ದಿನ, ಜಾಗ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ಅಥವಾ ಹಕ್ಕಿ ಅಧ್ಯಯನ ಮಾಡುವವರಿಗೆ ತಿಳಿಸಿದರೆ ಆ ಒಂದು ಹಕ್ಕಿಯ ದಾರಿ ಪೂರ್ತಿ ಸಿಗುತ್ತದೆ.

ಹೊಲಗಳ ವಿಷಯ. ಬಾತು ಮೇಯುವುದನ್ನು ನೋಡಲು ಹೊಲಕ್ಕೆ ಇಳಿಯಬೇಡಿ, ಬದುವಿನ ಮೇಲೇ ನಿಲ್ಲಿ, ರೈತರು ಇದ್ದರೆ ಕೇಳಿ. ಹಕ್ಕಿ ಮೇಯ್ದ ಬೆಳೆ ಅವರದು, ನಷ್ಟ ಅವರದು. ಊರವರ ಸಹನೆ ಇಲ್ಲದಿದ್ದರೆ ಯಾವ ಪಟ್ಟಿಗೆ ಸೇರಿದರೂ ಕೆರೆ ಉಳಿಯೋದಿಲ್ಲ. ಇದು ಸಂರಕ್ಷಣಾ ಮೀಸಲು ಪ್ರದೇಶ ಕೂಡ, ಕಾವಲಿನವರು ಇಲ್ಲಿಗೆ ಹೋಗಬೇಡಿ ಅಂದ ಕಡೆ ಹೋಗಬೇಡಿ.

ಎಣಿಸಿ, ಬರೆದಿಡಿ

ಸಾವಿರಾರು ಹಕ್ಕಿ ಎಣಿಸೋದು ಹೇಗೆ ಅಂತ ಕೇಳುತ್ತಾರೆ. ಗುಂಪಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಸರಿಯಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ಕಣ್ಣಲ್ಲಿ ಇಟ್ಟುಕೊಂಡು, ಅದೇ ಅಳತೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ನೂರರವರೆಗೆ ಹೋಗಿ. ಈಗ ನೂರರ ಅಳತೆ ಸಿಕ್ಕಿತು, ಮುಂದಕ್ಕೆ ನೂರು ನೂರಾಗಿ. ಇನ್ನೊಂದು ತುದಿಯಿಂದ ಮತ್ತೊಮ್ಮೆ ಮಾಡಿ. ಎರಡು ಲೆಕ್ಕ ಬಹಳ ದೂರ ಇಲ್ಲದಿದ್ದರೆ ಸರಿಯಾಗಿದೆ. "ಬಹಳ ಇದ್ದವು" ಅಂತ ಬರೆಯೋದಕ್ಕಿಂತ "ಸುಮಾರು 600" ಅಂತ ಬರೆದರೆ ಮುಂದಿನ ವರ್ಷ ಹೋಲಿಸಲು ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಹಕ್ಕಿ ಹೆಸರು, ಅಂಕಿ, ಹೊತ್ತು ಮಾತ್ರ ಅಲ್ಲ, ನೀರಿನ ಮಟ್ಟವನ್ನೂ ಬರೆಯಿರಿ. ತೂಬಿನ ಕಲ್ಲು ಎಷ್ಟು ಮುಳುಗಿದೆ, ಕೆಸರಿನ ಪಟ್ಟಿ ಎಷ್ಟು ಅಗಲ ಇದೆ. ಈ ಒಂದು ಸಾಲನ್ನು ಯಾರೂ ಬರೆಯೋದಿಲ್ಲ, ಆದರೆ ಈ ವರ್ಷ ಗೊರವ ಯಾಕೆ ಕಮ್ಮಿ ಅಂತ ಆಮೇಲೆ ಯೋಚಿಸುವಾಗ ಉತ್ತರ ಸಿಗೋದು ಅಲ್ಲೇ. ಮನೆಗೆ ಬಂದ ಮೇಲೆ ಪಟ್ಟಿಯನ್ನು, ಹಕ್ಕಿ ನೋಡುವವರು ಲೆಕ್ಕ ಹಂಚಿಕೊಳ್ಳುವ ಜಾಲತಾಣ ಇ-ಬರ್ಡ್‌ಗೆ ಹಾಕಿ, ನಿಮ್ಮ ಲೆಕ್ಕ ಬೇರೆಯವರ ಕೆಲಸಕ್ಕೂ ಬರುತ್ತದೆ. ಗುರುತು ಹಿಡಿಯಲು ಮರ್ಲಿನ್ ಆ್ಯಪ್ ಚೆನ್ನಾಗಿದೆ, ನಮ್ಮ ಭಾಗದ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋದರೆ ನೆಟ್‌ವರ್ಕ್ ಬೇಕಿಲ್ಲ. ಅದರಲ್ಲಿರುವ ಹಕ್ಕಿ ಕೂಗನ್ನು ಕೆರೆ ಹತ್ತಿರ ಮಾತ್ರ ಜೋರಾಗಿ ಹಾಕಬೇಡಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ಇದೆ. ಹೊಸಬರು ಅನುಭವ ಇದ್ದವರ ಜೊತೆ ನಿಂತು ಕಲಿಯಲು ಅದಕ್ಕಿಂತ ಒಳ್ಳೆ ದಿನ ಬೇರೆ ಇಲ್ಲ.

ಗದಗ ದೂರ ಅನ್ನುವವರಿಗೆ ಇದೇ ಕ್ರಮ ಬೇರೆ ಕೆರೆಗೂ ನಡೆಯುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ನೀರೊಳಗೇ ಜಾಲಿ ಮರಗಳಿವೆ, ಹಾಗಾಗಿ ಅಲ್ಲಿ ದಡ ಬಿಟ್ಟು ಮರ ನೋಡಬೇಕು, ಸಂಜೆ ಹೊತ್ತು ಮರದ ತುಂಬ ಕೊಕ್ಕರೆ, ಕೆಂಬರಲು ಬಂದು ಕೂರುತ್ತವೆ. ಮೈಸೂರಿನವರಿಗೆ ಊರೊಳಗೇ ಕುಕ್ಕರಹಳ್ಳಿ ಇದೆ, ಹೆಜ್ಜಾರ್ಲೆ, ಹಾವಕ್ಕಿ ಹತ್ತಿರದಿಂದ ನೋಡಬಹುದು. ಹೆಬ್ಬಾತು ಬೇಕು ಅಂದರೆ ಹದಿನಾರು ಕೆರೆ ಇದೆ. ಬೆಂಗಳೂರಿನವರಿಗೆ ಹೆಸರಘಟ್ಟ, ಹಿಂದೆ ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ, ಅಲ್ಲಿ ನೀರಿಗಿಂತ ಸುತ್ತಲಿನ ಹುಲ್ಲುಗಾವಲಿಗೆ ಜಾಸ್ತಿ ಹೊತ್ತು ಕೊಡಿ.

ಒಂದೇ ಕೆರೆಗೆ ಚಳಿಗಾಲದಲ್ಲಿ ಎರಡು ಸಾರಿಯಾದರೂ ಹೋಗಿ, ಒಂದು ಡಿಸೆಂಬರಿನಲ್ಲಿ, ಒಂದು ಫೆಬ್ರುವರಿ ಮೂರನೇ ವಾರದ ಹೊತ್ತಿಗೆ. ಮಳೆ ಚೆನ್ನಾಗಿ ಆದ ವರ್ಷ ಡಿಸೆಂಬರಿನಲ್ಲಿ ಕೆರೆ ತುಂಬಿ ದಡದವರೆಗೂ ನೀರು ನಿಂತಿರುತ್ತದೆ, ಕೆಸರೇ ಇರೋದಿಲ್ಲ, ಬಾತು ಜಾಸ್ತಿ, ಗೊರವ ಕಮ್ಮಿ. ಫೆಬ್ರುವರಿಗೆ ನೀರು ಇಳಿದು ಅಂಗಳದಲ್ಲಿ ಕೆಸರು ಬಿಚ್ಚಿಕೊಂಡಿರುತ್ತದೆ, ಆಗ ಸ್ಟಿಂಟ್, ಪ್ಲೋವರ್, ಸ್ಯಾಂಡ್‌ಪೈಪರ್‌ಗಳ ಸುಗ್ಗಿ, ಕೊಕ್ಕರೆಗಳೂ ಸಿಕ್ಕಿಬಿದ್ದ ಮೀನಿಗೆ ಬರುತ್ತವೆ. ಮಳೆ ಕೈಕೊಟ್ಟ ವರ್ಷ ಇದೆಲ್ಲಾ ಒಂದು ತಿಂಗಳು ಮುಂಚೆಯೇ ಆಗಿ ಮುಗಿಯುತ್ತದೆ, ಹಾಗಾಗಿ ಆ ವರ್ಷ ಮೊದಲನೇ ನಡಿಗೆಯನ್ನು ನವೆಂಬರ್ ಕೊನೆಗೇ ಇಟ್ಟುಕೊಳ್ಳಿ.